ಧರ್ಮಸಂಕಟವೆಂಬ ಮಾತು: ಮಿರ್ಡಾಲರ ‘ಆನ್ ಅಮೆರಿಕನ್ ಡೈಲೆಮಾ’ ಗ್ರಂಥದ ಪುನರ್ವಿಮರ್ಶೆ

1

ಎರಡನೆಯ ಮಹಾಯುದ್ಧಾನಂತರದ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಸಮಾನ ಹಕ್ಕುಗಳ ಹೋರಾಟವನ್ನು ಕುರಿತು ಬರೆದವರಲ್ಲಿ ಗುನ್ನಾರ್ ಮಿರ್ಡಾಲರ ಋಣವನ್ನು ಹೊರದವರು ವಿರಳ. 1944ರಲ್ಲಿ ಎರಡು ಸಂಪುಟಗಳಾಗಿ, ಸುಮಾರು ಒಂದೂವರೆ ಸಾವಿರ ಪುಟಗಳ ಗಾತ್ರದಲ್ಲಿ ಹೊರಬಂದ ಅವರ ‘ಆನ್ ಅಮೆರಿಕನ್ ಡೈಲೆಮಾ’ ಎಂಬ ಗ್ರಂಥವು ಒಂದು ಇಡೀ ತಲೆಮಾರಿನ ಆಲೋಚನೆಯನ್ನು ರೂಪಿಸಿತು. 1954ರ ಮೇ 17ರಂದು ಶಾಲೆಗಳಲ್ಲಿ ವರ್ಣಭೇದವನ್ನು ಅಸಿಂಧುವೆಂದು ಸಾರಿದ ಬ್ರೌನ್ ಮೊಕದ್ದಮೆಯ ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಗ್ರಂಥವನ್ನು ಹೆಸರಿಸಿತು. ಸಮಾಜಶಾಸ್ತ್ರದ ಪುಸ್ತಕವೊಂದಕ್ಕೆ ಇಂಥ ಗೌರವ ದೊರೆತ ಸಂದರ್ಭಗಳು ಹೆಚ್ಚಿಲ್ಲ.

ಗ್ರಂಥದ ಹುಟ್ಟು ಕೂಡ ವಿಲಕ್ಷಣವಾದುದು. ಕಾರ್ನೆಗೀ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದ ಫ್ರೆಡರಿಕ್ ಕೆಪ್ಪೆಲರು ವರ್ಣಸಮಸ್ಯೆಯ ಅಧ್ಯಯನಕ್ಕೆ ಸಾಮ್ರಾಜ್ಯಶಾಹಿಯ ಹಿನ್ನೆಲೆಯಿಲ್ಲದ ದೇಶದ ವಿದ್ವಾಂಸರೊಬ್ಬರು ಬೇಕೆಂದು ಬಯಸಿ, ಸ್ವೀಡನ್ನಿನ ಅರ್ಥಶಾಸ್ತ್ರಜ್ಞರಾದ ಮಿರ್ಡಾಲರನ್ನು ಆರಿಸಿಕೊಂಡರು. 1938ರಲ್ಲಿ ಅಮೆರಿಕೆಗೆ ಬಂದ ಮಿರ್ಡಾಲರು ದಕ್ಷಿಣದ ರಾಜ್ಯಗಳಲ್ಲಿ ಸಂಚರಿಸಿದರು. ಅನೇಕ ಸಹಾಯಕರಿಂದ ವಿಸ್ತಾರವಾದ ಟಿಪ್ಪಣಿಗಳನ್ನು ಬರೆಸಿಕೊಂಡರು. ಹೊರಗಿನವನ ಕಣ್ಣಿಗೆ ಮಾತ್ರ ಕಾಣಬಹುದಾದ ಅನೇಕ ಸಂಗತಿಗಳನ್ನು ಕಂಡರು. ಡು ಬಾಯ್ಸರಂಥ ಹಿರಿಯ ಕರಿಯ ವಿದ್ವಾಂಸರೇ ಗ್ರಂಥವನ್ನು ಆದರದಿಂದ ಬರಮಾಡಿಕೊಂಡರು. ಆದುದರಿಂದ ನಮ್ಮ ವಿಮರ್ಶೆಯು ಈ ಮಹಾಶ್ರಮದ ಅವಗಣನೆಯೆಂದು ಯಾರೂ ಭಾವಿಸಬಾರದು.

ಆದರೆ ಒಂದು ಗ್ರಂಥವು ಪ್ರಮಾಣಗ್ರಂಥವಾದಾಗ ಅದರ ದೋಷಗಳೂ ಪ್ರಮಾಣವಾಗಿಬಿಡುತ್ತವೆ. ನಮ್ಮ ತರಗತಿಗಳಲ್ಲಿ ಈ ಹೋರಾಟದ ಕಥೆಯನ್ನು ಬರೆಯಹೇಳಿದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಬಗೆಯ ಉತ್ತರವನ್ನು ಬರೆಯುತ್ತಾರೆ: ಅಮೆರಿಕೆಯು ಸಮಾನತೆಯನ್ನು ನಂಬಿತ್ತು, ಆಚರಣೆಯಲ್ಲಿ ತಪ್ಪಿತ್ತು, 1954ರಿಂದ 1965ರವರೆಗಿನ ಅವಧಿಯಲ್ಲಿ ತನ್ನ ತಪ್ಪನ್ನು ಅರಿತು ತಿದ್ದಿಕೊಂಡಿತು. ಈ ಉತ್ತರ ಬರೆದವರು ಮಿರ್ಡಾಲರನ್ನು ಓದಿರುವುದಿಲ್ಲ. ಆದರೂ ಅವರ ಲೇಖನಿಯನ್ನು ನಡೆಸುವುದು ಮಿರ್ಡಾಲರೇ. ಈ ಕಥೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಯುದ್ಧಾನಂತರದ ಘಟನೆಗಳ ಒರೆಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

2

ಗ್ರಂಥದ ಮೂಲ ಪ್ರತಿಪಾದನೆ ಸರಳವಾಗಿದೆ. ಎಲ್ಲ ಅಮೆರಿಕನ್ನರಿಗೂ ಸಮಾನವಾದ ಒಂದು ಶ್ರದ್ಧೆ ಇದೆ. ಸ್ವಾತಂತ್ರ್ಯ, ಸಮಾನತೆ, ನ್ಯಾಯಗಳಲ್ಲಿ ನಂಬಿಕೆಯೇ ಆ ಶ್ರದ್ಧೆ. ನಿತ್ಯದ ಬದುಕಿನಲ್ಲಿ ಬಿಳಿಯರು ಸ್ವಾರ್ಥ, ಪೂರ್ವಗ್ರಹ, ನೆರೆಹೊರೆಯ ರೂಢಿ ಇವುಗಳಿಗೆ ಕಟ್ಟುಬಿದ್ದು ಈ ಶ್ರದ್ಧೆಗೆ ವಿರುದ್ಧವಾಗಿ ವರ್ತಿಸುತ್ತಾರೆ. ಈ ಘರ್ಷಣೆ ನಡೆಯುವ ಸ್ಥಳ ಬಿಳಿಯ ಅಮೆರಿಕನ್ನನ ಹೃದಯ. ಆದುದರಿಂದ ಸಮಸ್ಯೆಯು ಮೂಲತಃ ಬಿಳಿಯರದೇ. ಅದರ ಪರಿಹಾರವೂ ಅವರ ಅಂತಃಸಾಕ್ಷಿಯಲ್ಲಿಯೇ ಇದೆ.

ಇದರ ಜೊತೆಗೆ ಗ್ರಂಥದಲ್ಲಿ ಇನ್ನೊಂದು ಸಿದ್ಧಾಂತವೂ ಇದೆ. ಬಡತನ, ಅನಾರೋಗ್ಯ, ಅವಿದ್ಯೆ, ಕೆಟ್ಟ ವಸತಿ ಇವು ಬಿಳಿಯರ ತಿರಸ್ಕಾರವನ್ನು ಬೆಳೆಸುತ್ತವೆ. ಆ ತಿರಸ್ಕಾರವು ಮರಳಿ ಬಡತನವನ್ನು ಬೆಳೆಸುತ್ತದೆ. ಒಂದು ಅಂಶ ಕೆಟ್ಟರೆ ಉಳಿದವೂ ಕೆಡುತ್ತವೆ, ಒಂದು ಸುಧಾರಿಸಿದರೆ ಉಳಿದವೂ ಸುಧಾರಿಸುತ್ತವೆ. ಇದನ್ನು ಸಂಚಿತ ಕಾರಣತ್ವದ ಸಿದ್ಧಾಂತವೆನ್ನಬಹುದು. ಇಲ್ಲಿ ಮಾತನಾಡುವವರು ಅರ್ಥಶಾಸ್ತ್ರಜ್ಞರಾದ ಮಿರ್ಡಾಲರು. ಮೊದಲನೆಯದರಲ್ಲಿ ಮಾತನಾಡುವವರು ನೀತಿಬೋಧಕರಾದ ಮಿರ್ಡಾಲರು.

ಮೂರನೆಯದಾಗಿ, ತಾರತಮ್ಯದ ಶ್ರೇಣಿಯೆಂಬ ಒಂದು ಪಟ್ಟಿ. ಬಿಳಿಯರು ಅತ್ಯಂತ ಬಲವಾಗಿ ವಿರೋಧಿಸುವುದು ಅಂತರ್ವರ್ಣೀಯ ವಿವಾಹವನ್ನು. ಅನಂತರ ಕ್ರಮವಾಗಿ ಸಾಮಾಜಿಕ ನಡವಳಿಕೆಯಲ್ಲಿ ಸಮಾನತೆ, ಸಾರ್ವಜನಿಕ ಸ್ಥಳ ಮತ್ತು ಶಾಲೆಗಳಲ್ಲಿ ಸಹವಾಸ, ಮತದಾನ, ನ್ಯಾಯಾಲಯ ಮತ್ತು ಪೊಲೀಸರಿಂದ ಸಮಾನ ವರ್ತನೆ. ಕಟ್ಟಕಡೆಗೆ ಭೂಮಿ, ಸಾಲ, ಉದ್ಯೋಗ. ಕರಿಯರಿಗೆ ಯಾವುದು ಹೆಚ್ಚು ಬೇಕೆಂದು ನೋಡಿದರೆ ಈ ಪಟ್ಟಿಯು ಸರಿಸುಮಾರು ತಲೆಕೆಳಗಾಗುತ್ತದೆಂದು ಮಿರ್ಡಾಲರು ಹೇಳಿದರು. ಕರಿಯರಿಗೆ ಮೊದಲು ಬೇಕಾದುದು ಅನ್ನ ಮತ್ತು ಉದ್ಯೋಗ; ಬಿಳಿಯರು ಸುಲಭವಾಗಿ ಬಿಟ್ಟುಕೊಡಬಲ್ಲುದೂ ಅದೇ. ಇದರಿಂದ ಸುಧಾರಣೆಯ ದಾರಿ ಸುಗಮವೆಂಬ ಆಶಾವಾದ ಹುಟ್ಟಿತು.

ಗ್ರಂಥಕ್ಕೆ ಸಂದ ಮನ್ನಣೆಯ ಚರಿತ್ರೆಯನ್ನು ನೋಡಿದರೆ, ಅಮೆರಿಕೆಯ ವಿದ್ಯಾವಂತವರ್ಗವು ಮೊದಲನೆಯ ಸಿದ್ಧಾಂತವನ್ನು ತಲೆಯ ಮೇಲೆ ಹೊತ್ತಿತು. ಎರಡನೆಯದನ್ನು ಮೆಚ್ಚಿ ಬದಿಗಿಟ್ಟಿತು. ಮೂರನೆಯದನ್ನು ಪರೀಕ್ಷಿಸಲು ಹೆಚ್ಚಾಗಿ ಹೋಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದು ಗ್ರಂಥದ ದುರ್ಬಲ ಭಾಗ, ಎರಡನೆಯದು ಬಲವಾದ ಭಾಗ, ಮೂರನೆಯದು ಚರಿತ್ರೆಯಿಂದ ಸುಳ್ಳಾದ ಭಾಗ.

3

ಗ್ರಂಥದ ಹೆಸರಿನಲ್ಲಿರುವ ‘ಡೈಲೆಮಾ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಧರ್ಮಸಂಕಟ’ವೆಂದು ಹೇಳುವುದು ವಾಡಿಕೆ. ಈ ಮಾತೇ ನಮಗೆ ಗ್ರಂಥದ ದೋಷವನ್ನು ತೋರಿಸಿಕೊಡುತ್ತದೆ. ಎರಡು ಧರ್ಮಗಳ ನಡುವೆ ಸಿಕ್ಕಿದವನದು ಧರ್ಮಸಂಕಟ: ಕೊಟ್ಟ ಮಾತು ಒಂದು ಕಡೆ, ಬಂಧುಗಳ ರಕ್ಷಣೆ ಇನ್ನೊಂದು ಕಡೆ. ಒಂದು ಕಡೆ ಧರ್ಮವೂ ಇನ್ನೊಂದು ಕಡೆ ಲಾಭವೂ ಇದ್ದರೆ ಅದನ್ನು ನಮ್ಮ ಹಿರಿಯರು ಧರ್ಮಸಂಕಟವೆನ್ನುತ್ತಿರಲಿಲ್ಲ. ಮಿರ್ಡಾಲರು ವರ್ಣಿಸುವ ಬಿಳಿಯನ ಸ್ಥಿತಿ ಈ ಎರಡನೆಯ ಬಗೆಯದು. ಅದಕ್ಕೆ ಸಂಕಟವೆಂಬ ಹೆಸರು ಕೊಟ್ಟೊಡನೆ ಲಾಭ ಪಡೆಯುವವನು ನೋಯುವವನಂತೆ ಕಾಣತೊಡಗುತ್ತಾನೆ.

ಅವನು ನಿಜವಾಗಿಯೂ ನೋಯುತ್ತಿದ್ದನೆ? ಗ್ರಂಥ ಹೊರಬಂದ ವರ್ಷದಲ್ಲಿಯೇ, 1944ರ ಜೂನ್ 22ರಂದು, ಯುದ್ಧದಿಂದ ಮರಳುವ ಸೈನಿಕರಿಗೆ ವಿದ್ಯಾಭ್ಯಾಸ, ಗೃಹಸಾಲ, ನಿರುದ್ಯೋಗ ಭತ್ಯೆಗಳನ್ನು ಒದಗಿಸುವ ಜಿ. ಐ. ಶಾಸನ ಜಾರಿಗೆ ಬಂದಿತು. ಅಮೆರಿಕೆಯ ವಿಶಾಲವಾದ ಮಧ್ಯಮವರ್ಗವನ್ನು ಕಟ್ಟಿದ ಕಾನೂನುಗಳಲ್ಲಿ ಇದು ಪ್ರಮುಖವಾದುದು. ಇದರ ಅಕ್ಷರಗಳಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ. ಆದರೆ ಮಸೂದೆಯನ್ನು ಪ್ರತಿನಿಧಿ ಸಭೆಯಲ್ಲಿ ನಡೆಸಿದ ಸಮಿತಿಯ ಅಧ್ಯಕ್ಷರು ಮಿಸಿಸಿಪ್ಪಿಯ ಜಾನ್ ರ‍್ಯಾಂಕಿನ್; ಯೋಜನೆಯ ಆಡಳಿತವು ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳ ಕೈಯಲ್ಲಿರಬೇಕೆಂಬುದು ಅವರ ಹಟ. ಸಾಲ ಕೊಡುವುದು ಊರಿನ ಬ್ಯಾಂಕು. ಸರಕಾರ ಕೊಡುವುದು ಜಾಮೀನು ಮಾತ್ರ. ಫಲವೇನಾಯಿತೆಂದರೆ, 1947ರ ಒಂದು ಗಣನೆಯಂತೆ ಮಿಸಿಸಿಪ್ಪಿಯಲ್ಲಿ ಮಾಜಿ ಸೈನಿಕರಿಗೆ ಜಾಮೀನು ಪಡೆದು ಕೊಟ್ಟ ಮನೆ, ವ್ಯಾಪಾರ, ಬೇಸಾಯಗಳ 3,229 ಸಾಲಗಳಲ್ಲಿ ಕರಿಯರಿಗೆ ಸಂದವು 2.

ಈ ಎರಡು ಸಂಖ್ಯೆಗಳನ್ನು ಬಿಳಿಯರ ಹೃದಯದಲ್ಲಿ ನಡೆದ ಹೋರಾಟದಿಂದ ವಿವರಿಸುವುದು ಸಾಧ್ಯವಿಲ್ಲ. ಸಮಾನತೆಯ ಶ್ರದ್ಧೆಯುಳ್ಳ ಶಾಸನಸಭೆ ಸಮಾನವಾದ ಕಾನೂನನ್ನೇ ಮಾಡಿತು; ಆಡಳಿತವನ್ನು ಯಾರಿಗೆ ಒಪ್ಪಿಸಬೇಕೆಂಬ ಒಂದು ತೀರ್ಮಾನದಲ್ಲಿ ಅಸಮಾನತೆ ಒಳಹೊಕ್ಕಿತು. ಶ್ರದ್ಧೆ ಮತ್ತು ಲಾಭ ಪರಸ್ಪರ ಕಾದಾಡದೆ ಒಂದೇ ಶಾಸನದಲ್ಲಿ ಅಕ್ಕಪಕ್ಕದಲ್ಲಿ ವಾಸಿಸಿದವು. ಮಿರ್ಡಾಲರ ಚೌಕಟ್ಟಿನಲ್ಲಿ ಇಂಥ ಶಾಂತವಾದ ಸಹಬಾಳ್ವೆಗೆ ಸ್ಥಳವಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಇಪ್ಪತ್ತನಾಲ್ಕು ವರ್ಷಗಳ ಅನಂತರ, 1968ರಲ್ಲಿ, ಇದೇ ಮಿರ್ಡಾಲರು ‘ಏಷಿಯನ್ ಡ್ರಾಮಾ’ ಎಂಬ ಮೂರು ಸಂಪುಟಗಳ ಗ್ರಂಥದಲ್ಲಿ ಭಾರತವೇ ಮೊದಲಾದ ದಕ್ಷಿಣ ಏಷ್ಯದ ದೇಶಗಳನ್ನು ಪರೀಕ್ಷಿಸಿ, ಇವು ‘ಮೃದು ರಾಜ್ಯ’ಗಳೆಂದು ನಿರ್ಣಯಿಸಿದರು. ಕಾನೂನು ಮಾಡುತ್ತಾರೆ, ಜಾರಿಗೆ ತರುವುದಿಲ್ಲ. ಬಲ್ಲಿದರ ಮೇಲೆ ಕೈಯೆತ್ತುವುದಿಲ್ಲ ಎಂಬುದು ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಸತ್ಯವಿದೆ, ನಮಗೆ ಅದರಲ್ಲಿ ಮುನಿಸಿಲ್ಲ. ಆದರೆ ಈ ಉಪಯುಕ್ತವಾದ ಅಳತೆಗೋಲನ್ನು ಅವರು ಅಮೆರಿಕೆಯ ಮುಂದೆ ಹಿಡಿಯಲಿಲ್ಲವೇಕೆ? ಮತದಾನದಲ್ಲಿ ವರ್ಣಭೇದವನ್ನು ನಿಷೇಧಿಸಿದ ಸಂವಿಧಾನದ ಹದಿನೈದನೆಯ ತಿದ್ದುಪಡಿ 1870ರಿಂದ ಅಸ್ತಿತ್ವದಲ್ಲಿತ್ತು. ಅದನ್ನು ದಕ್ಷಿಣದಲ್ಲಿ ಜಾರಿಗೆ ತರದೆ ತೊಂಬತ್ತು ವರ್ಷ ಕೈಕಟ್ಟಿ ಕುಳಿತ ವಾಷಿಂಗ್ಟನ್ ಸರಕಾರವು ಮೃದು ರಾಜ್ಯದ ಲಕ್ಷಣಕ್ಕೆ ಒಳ್ಳೆಯ ಉದಾಹರಣೆ. ದೆಹಲಿಯಲ್ಲಿ ಆಡಳಿತದ ವೈಫಲ್ಯವಾಗಿ ಕಂಡದ್ದು ವಾಷಿಂಗ್ಟನ್ನಿನಲ್ಲಿ ಆತ್ಮದ ವೇದನೆಯಾಗಿ ಕಂಡಿತು. ವಿದ್ವಾಂಸರು ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ತಕ್ಕಡಿ ಹಿಡಿಯುವುದನ್ನು ಕಂಡಾಗ ಎಚ್ಚರ ವಹಿಸುವುದು ಇತಿಹಾಸಕಾರನ ಕರ್ತವ್ಯ.

4

ಗ್ರಂಥದ ಎರಡನೆಯ ದೋಷ ಇನ್ನೂ ಗಂಭೀರವಾದುದು. ಸಮಸ್ಯೆಯು ಬಿಳಿಯರ ಹೃದಯದಲ್ಲಿದ್ದರೆ ಕರಿಯರು ಚರಿತ್ರೆಯಲ್ಲಿ ಮಾಡುವುದೇನು? ಕರಿಯರ ಬದುಕು ಬಹುಮಟ್ಟಿಗೆ ಬಿಳಿಯರ ಒತ್ತಡಕ್ಕೆ ಹುಟ್ಟಿದ ಪ್ರತಿಕ್ರಿಯೆಯೆಂದೂ, ಅವರ ಸಂಸ್ಕೃತಿಯು ಸಾಮಾನ್ಯ ಅಮೆರಿಕನ್ ಸಂಸ್ಕೃತಿಯ ವಿಕೃತ ಬೆಳವಣಿಗೆಯೆಂದೂ ಮಿರ್ಡಾಲರು ಬರೆದರು. ಕಾದಂಬರಿಕಾರ ರಾಲ್ಫ್ ಎಲಿಸನ್ನರು 1944ರಲ್ಲಿ ಬರೆದು 1964ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಇದನ್ನೇ ಪ್ರಶ್ನಿಸಿದರು: ಮೂರು ಶತಮಾನಗಳ ಕಾಲ ಒಂದು ಜನಾಂಗವು ಬರಿಯ ಪ್ರತಿಕ್ರಿಯೆಯಿಂದ ಬದುಕಿ ಬೆಳೆಯಬಲ್ಲುದೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಇದಕ್ಕೆ ಗ್ರಂಥದಲ್ಲಿ ಉತ್ತರವಿಲ್ಲ.

ಚರಿತ್ರೆಯಲ್ಲಿ ಉತ್ತರವಿದೆ. 1941ರ ಜೂನ್ ತಿಂಗಳಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ವರ್ಣತಾರತಮ್ಯವನ್ನು ನಿಷೇಧಿಸುವ ಆಜ್ಞೆಗೆ ರೂಸ್‌ವೆಲ್ಟರು ಸಹಿ ಹಾಕಿದುದು, ರೈಲು ಮಲಗುಬಂಡಿಗಳ ಪರಿಚಾರಕರ ಸಂಘದ ನಾಯಕರಾದ ಎ. ಫಿಲಿಪ್ ರ‍್ಯಾಂಡಾಲ್ಫರು ವಾಷಿಂಗ್ಟನ್ನಿಗೆ ಸಾವಿರಾರು ಜನರ ಮೆರವಣಿಗೆ ತರುವುದಾಗಿ ಎಚ್ಚರಿಸಿದ ಮೇಲೆ. 1948ರ ಜುಲೈ 26ರಂದು ಟ್ರೂಮನ್ನರು ಸೈನ್ಯದಲ್ಲಿ ಸಮಾನ ವರ್ತನೆಯ ಆಜ್ಞೆ ಹೊರಡಿಸಿದುದೂ ಅದೇ ರ‍್ಯಾಂಡಾಲ್ಫರು ಸೈನ್ಯಭರ್ತಿಯ ವಿರುದ್ಧ ಅಸಹಕಾರದ ಮಾತನಾಡಿದ ಮೇಲೆ. ಮೇಲಾಗಿ ಅದು ಚುನಾವಣೆಯ ವರ್ಷ, ಉತ್ತರದ ನಗರಗಳಿಗೆ ವಲಸೆ ಹೋಗಿದ್ದ ಕರಿಯರಿಗೆ ಅಲ್ಲಿ ಮತವಿತ್ತು. ಬ್ರೌನ್ ಮೊಕದ್ದಮೆಯಲ್ಲಿ ಕೇಂದ್ರ ಸರಕಾರವು ಸಲ್ಲಿಸಿದ ಹೇಳಿಕೆಯು ವರ್ಣಭೇದದಿಂದ ವಿದೇಶಗಳಲ್ಲಿ ಅಮೆರಿಕೆಯ ಗೌರವಕ್ಕೆ ಆಗುತ್ತಿರುವ ಹಾನಿಯನ್ನು ಎತ್ತಿ ಹೇಳಿತು. ಅಂತಃಸಾಕ್ಷಿ ನಿದ್ರಿಸುತ್ತಿತ್ತೆಂದು ನಾವು ಹೇಳುವುದಿಲ್ಲ. ಅದನ್ನು ಎಬ್ಬಿಸುವವರು ಬಾಗಿಲಲ್ಲಿದ್ದರೆಂದು ಹೇಳುತ್ತೇವೆ.

ಮಾಂಟ್‌ಗೊಮರಿಯ ಬಸ್ಸು ಬಹಿಷ್ಕಾರವನ್ನು ಈ ದೃಷ್ಟಿಯಿಂದ ನೋಡಬೇಕು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ತಮ್ಮ ಕಾಲೇಜಿನ ನಕಲುಯಂತ್ರದಲ್ಲಿ ಸಾವಿರಾರು ಕರಪತ್ರಗಳನ್ನು ಅಚ್ಚು ಮಾಡಿದರು. ಬೆಳಗಾಗುವಷ್ಟರಲ್ಲಿ ಹಂಚಿಕೆಯ ಏರ್ಪಾಡಾಗಿತ್ತು. ಇದು ಒಂದು ಕ್ಷಣದ ಆವೇಶವಾಗಿರಲಿಲ್ಲ. ರಾಬಿನ್ಸನ್ನರ ಮಹಿಳಾ ಸಂಘವು ಅದಕ್ಕೆ ಮೊದಲೇ ನಗರದ ಅಧಿಕಾರಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬಸ್ಸಿನ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕರಿಯರೇ ಆಗಿದ್ದುದರಿಂದ ಅವರು ಹತ್ತದಿದ್ದರೆ ಬಸ್ಸು ನಡೆಯುವಂತಿರಲಿಲ್ಲ. 381 ದಿನಗಳ ನಡಿಗೆಯೂ ನ್ಯಾಯಾಲಯದಲ್ಲಿ ನಡೆಸಿದ ಮೊಕದ್ದಮೆಯೂ ಸೇರಿ ಜಯ ದೊರೆಯಿತು. ದಕ್ಷಿಣದ ಚರ್ಚಿಗೆ ಬಲವಿದ್ದರೂ ವ್ಯವಹಾರದಲ್ಲಿ ಅದು ನಿಷ್ಕ್ರಿಯವೆಂದು ಮಿರ್ಡಾಲರು ಬರೆದಿದ್ದರು. ಹನ್ನೊಂದು ವರ್ಷಗಳಲ್ಲಿ ಅದೇ ಚರ್ಚು ಹೋರಾಟದ ಸಭಾಭವನವಾಯಿತು.

ಮಿರ್ಡಾಲರು ವರ್ಣರೇಖೆಯನ್ನು ಕುರಿತು ‘ಕಾಸ್ಟ್’ ಎಂಬ ಶಬ್ದವನ್ನು ಬಳಸಿದುದೂ ಚರ್ಚೆಗೆ ಕಾರಣವಾಯಿತು. 1948ರಲ್ಲಿ ಆಲಿವರ್ ಕಾಕ್ಸರು ‘ಕಾಸ್ಟ್, ಕ್ಲಾಸ್ ಅಂಡ್ ರೇಸ್’ ಗ್ರಂಥದಲ್ಲಿ ಇದನ್ನು ಖಂಡಿಸಿ, ವರ್ಣದ್ವೇಷದ ಮೂಲವು ಬಂಡವಾಳಶಾಹಿಯ ದುಡಿಮೆಯ ಶೋಷಣೆಯಲ್ಲಿದೆಯೆಂದು ವಾದಿಸಿದರು. ಲಾಭವನ್ನು ವಿಶ್ಲೇಷಣೆಯ ಕೇಂದ್ರಕ್ಕೆ ತಂದ ಮಟ್ಟಿಗೆ ಕಾಕ್ಸರೇ ಸರಿ. ಆದರೆ ಹಿಂದೂ ಸಮಾಜದಲ್ಲಿ ಕೆಳಗಿನವರು ತಮ್ಮ ಸ್ಥಾನವನ್ನು ಒಪ್ಪಿಕೊಂಡಿದ್ದರೆಂಬ ಅವರ ಊಹೆಯನ್ನು ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯನ್ನು ಬಲ್ಲ ಕನ್ನಡಿಗರು ಒಪ್ಪಲಾರರು. 1946ರಲ್ಲಿ ಡಾ. ಅಂಬೇಡ್ಕರರು ಡು ಬಾಯ್ಸರಿಗೆ ಪತ್ರ ಬರೆದು ಕರಿಯರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯವನ್ನು ಸೂಚಿಸಿದ್ದರು. ಪಂಡಿತರು ಶಬ್ದಕ್ಕಾಗಿ ವಾದಿಸುತ್ತಿದ್ದಾಗ ನೊಂದವರು ಪರಸ್ಪರರನ್ನು ಗುರುತಿಸಿದ್ದರು.

5

ಇನ್ನು ತಾರತಮ್ಯದ ಶ್ರೇಣಿಯ ಪರೀಕ್ಷೆ. ಬಿಳಿಯರು ಮೊದಲು ಬಿಟ್ಟುಕೊಡುವುದು ಉದ್ಯೋಗ, ಕೊನೆಗೆ ಬಿಟ್ಟುಕೊಡುವುದು ವಿವಾಹ ಎಂಬ ಕ್ರಮವು ಸರಿಯಾಗಿದ್ದರೆ ಯುದ್ಧಾನಂತರದ ಸುಧಾರಣೆಗಳು ಅದೇ ಕ್ರಮದಲ್ಲಿ ನಡೆಯಬೇಕಾಗಿತ್ತು. ನಡೆದುದು ಬೇರೆ. ಉದ್ಯೋಗದಲ್ಲಿ ನ್ಯಾಯಕ್ಕಾಗಿ ಒಂದು ಖಾಯಂ ಆಯೋಗವನ್ನು ನೇಮಿಸುವ ಮಸೂದೆಯೇ ಮೊದಲು ಬಂದಿತು. 1946ರಲ್ಲಿಯೂ 1950ರಲ್ಲಿಯೂ ಸೆನೆಟ್ ಸಭೆಯಲ್ಲಿ ಫಿಲಿಬಸ್ಟರ್ ಎಂಬ, ಭಾಷಣವನ್ನು ಮುಗಿಸದೆಯೇ ಮಸೂದೆಯನ್ನು ಮುಗಿಸುವ ತಂತ್ರಕ್ಕೆ ಅದು ಬಲಿಯಾಯಿತು. ಸೈನ್ಯದ ಆಜ್ಞೆ, ಶಾಲೆಯ ತೀರ್ಪು ಇವೆಲ್ಲ ಆದ ಮೇಲೆ, 1964ರ ಶಾಸನದ ಏಳನೆಯ ಪ್ರಕರಣದಲ್ಲಿ ಉದ್ಯೋಗದ ಹಕ್ಕು ಕಾಣಿಸಿಕೊಂಡಿತು.

ವಸತಿಯ ಕಥೆ ಇದಕ್ಕಿಂತ ಬೋಧಪ್ರದ. 1964ರ ನವೆಂಬರ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮತದಾರರು ಒಂದೇ ದಿನ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆ ವರ್ಷದ ಹಕ್ಕುಗಳ ಶಾಸನಕ್ಕೆ ಸಹಿ ಹಾಕಿದ ಜಾನ್ಸನ್ನರಿಗೆ ನೂರಕ್ಕೆ 59ರಷ್ಟು ಮತ ಬಂದಿತು. ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ವರ್ಣಭೇದ ಮಾಡಕೂಡದೆಂಬ ರಾಜ್ಯದ ಕಾನೂನನ್ನು ರದ್ದುಪಡಿಸುವ ಹದಿನಾಲ್ಕನೆಯ ಪ್ರಸ್ತಾವಕ್ಕೆ ನೂರಕ್ಕೆ 65ರಷ್ಟು ಮತ ಬಂದಿತು. ಎರಡಕ್ಕೂ ಮತವಿತ್ತವರ ಸಂಖ್ಯೆ ಸಣ್ಣದಾಗಿರಲು ಸಾಧ್ಯವಿಲ್ಲ. ದೂರದ ದಕ್ಷಿಣದ ಉಪಾಹಾರಗೃಹದಲ್ಲಿ ಸಮಾನತೆಯನ್ನು ಒಪ್ಪಿದ ಕೈಯೇ ಪಕ್ಕದ ಮನೆಯ ಬಾಗಿಲನ್ನು ಮುಚ್ಚಿತು. 1966ರಲ್ಲಿ ಕಿಂಗರು ಷಿಕಾಗೋ ನಗರದಲ್ಲಿ ವಸತಿಯ ಹಕ್ಕಿಗಾಗಿ ಮೆರವಣಿಗೆ ನಡೆಸಿದಾಗ ಅವರಿಗೆ ಕಲ್ಲೇಟು ಬಿದ್ದಿತು. ಅದೇ ವರ್ಷದ ಒಂದು ಜನಾಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 63 ಜನ ಅವರನ್ನು ಪ್ರತಿಕೂಲವಾಗಿ ಕಂಡರು. ವಸತಿಯ ಮಸೂದೆ ಸೆನೆಟ್ಟಿನಲ್ಲಿ ಬಿದ್ದುಹೋಯಿತು. 1968ರ ಏಪ್ರಿಲ್ 11ರಂದು, ಕಿಂಗರ ಕೊಲೆಯಾದ ಒಂದು ವಾರಕ್ಕೆ, ಅದು ಕಾನೂನಾಯಿತು. ಆಗಲೂ ಅದನ್ನು ಜಾರಿಗೆ ತರುವ ಅಧಿಕಾರ ದುರ್ಬಲವಾಗಿದ್ದು, 1988ರ ತಿದ್ದುಪಡಿಯಿಂದ ಬಲಗೊಂಡಿತು.

ಮನೆಯೆಂಬುದು ಮಿರ್ಡಾಲರ ಶ್ರೇಣಿಯ ಯಾವ ಮೆಟ್ಟಿಲಿಗೆ ಸೇರುತ್ತದೆಂದು ಕೇಳಬಹುದು. ಅದು ಆಸ್ತಿ, ಅದೇ ಸಾಲಕ್ಕೆ ಆಧಾರ, ಅದರಿಂದಲೇ ಶಾಲೆ, ಅದರಿಂದಲೇ ನೆರೆಹೊರೆ. ಮೆಟ್ಟಿಲುಗಳು ಬೇರೆ ಬೇರೆಯಾಗಿಲ್ಲವೆಂಬುದೇ ಈ ಪ್ರಶ್ನೆಗೆ ಉತ್ತರ.

ಕೊನೆಯ ಮೆಟ್ಟಿಲಾಗಬೇಕಿದ್ದ ವಿವಾಹದ ಸಂಗತಿಯೇನಾಯಿತು? 1967ರ ಜೂನ್ 12ರಂದು ಲವಿಂಗ್ ಮೊಕದ್ದಮೆಯ ತೀರ್ಪು ಆಗ 16 ರಾಜ್ಯಗಳಲ್ಲಿ ಉಳಿದಿದ್ದ ನಿಷೇಧವನ್ನು ರದ್ದುಪಡಿಸಿತು. ಗ್ಯಾಲಪ್ ಸಂಸ್ಥೆಯ ಅಂಕಿಗಳಂತೆ ಇಂಥ ವಿವಾಹವನ್ನು ಒಪ್ಪುವವರು 1958ರಲ್ಲಿ ನೂರಕ್ಕೆ 4, 2021ರಲ್ಲಿ ನೂರಕ್ಕೆ 94. ಮೊದಲು ಸಿಗಬೇಕಿದ್ದ ಆರ್ಥಿಕ ಸಮಾನತೆಯ ಲೆಕ್ಕ ಹೀಗಿದೆ: ಫೆಡರಲ್ ರಿಸರ್ವ್ ನಡೆಸಿದ 2022ರ ಸಮೀಕ್ಷೆಯಂತೆ ಬಿಳಿಯರ ಕುಟುಂಬವೊಂದರ ಮಧ್ಯಾಂಕ ಸಂಪತ್ತು ಸುಮಾರು 2,85,000 ಡಾಲರು, ಕರಿಯರದು ಸುಮಾರು 44,900 ಡಾಲರು. ಮನಸ್ಸು ಬದಲಾಯಿತು, ಆಸ್ತಿ ಬದಲಾಗಲಿಲ್ಲ. ಸಮಸ್ಯೆಯು ಹೃದಯದಲ್ಲಿದ್ದಿದ್ದರೆ ಈ ಎರಡು ಲೆಕ್ಕಗಳು ಇಷ್ಟು ದೂರ ಸರಿಯುತ್ತಿರಲಿಲ್ಲ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯ ಹೆಸರಿನಲ್ಲಿ ‘ಸ್ವಾತಂತ್ರ್ಯ’ಕ್ಕಿಂತ ಮೊದಲು ‘ಉದ್ಯೋಗ’ವೆಂಬ ಶಬ್ದವಿತ್ತೆಂಬುದನ್ನು ಈಗ ನೆನೆಯುವವರು ಕಡಿಮೆ.

6

ಹಾಗಾದರೆ ಮಿರ್ಡಾಲರ ಗ್ರಂಥವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆ? ಹಾಗೆ ಹೇಳುವುದು ನಮ್ಮ ಅಭಿಪ್ರಾಯವಲ್ಲ. ಶ್ರದ್ಧೆಯೆಂಬುದು ಸುಳ್ಳೂ ಅಲ್ಲ, ನಿರುಪಯೋಗಿಯೂ ಅಲ್ಲ. ಕಿಂಗರೇ ಅದನ್ನು ಮರಳಿ ಮರಳಿ ಆವಾಹನೆ ಮಾಡಿದರು. 1963ರ ವಸಂತದಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಟ್ಟ ಚಿತ್ರಗಳು ರಾಷ್ಟ್ರವನ್ನು ನಾಚಿಸಿದವು. ಆದರೆ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಚಳವಳಿಯವರು ಬಿಳಿಯರ ಅಂಗಡಿಗಳಲ್ಲಿ ವ್ಯಾಪಾರವನ್ನೂ ನಿಲ್ಲಿಸಿದ್ದರು. ಶ್ರದ್ಧೆಯನ್ನು ನಂಬಿದವರೂ ಅದೊಂದನ್ನೇ ನೆಚ್ಚಿ ಕೂರಲಿಲ್ಲ.

ಉಳಿಸಿಕೊಳ್ಳಬೇಕಾದುದು ಸಂಚಿತ ಕಾರಣತ್ವದ ಸಿದ್ಧಾಂತವನ್ನು. ಮಿಸಿಸಿಪ್ಪಿಯಲ್ಲಿ 1965ರ ಮತದಾನದ ಹಕ್ಕುಗಳ ಶಾಸನಕ್ಕೆ ಮೊದಲು ಮತದಾರರಾಗಿ ನೋಂದಾಯಿತರಾಗಿದ್ದ ಕರಿಯರು ನೂರಕ್ಕೆ 6.7, 1967ರ ವೇಳೆಗೆ 59.8. ಎರಡು ವರ್ಷಗಳಲ್ಲಿ ಮಿಸಿಸಿಪ್ಪಿಯ ಬಿಳಿಯರ ಅಂತಃಕರಣ ಒಂಬತ್ತು ಪಟ್ಟು ಬೆಳೆಯಿತೆಂದು ಯಾರೂ ಹೇಳಲಾರರು. ಸಾಕ್ಷರತೆಯ ಪರೀಕ್ಷೆ ನಿಂತಿತು. ಹಲವು ಕೌಂಟಿಗಳಿಗೆ ಕೇಂದ್ರದ ಅಧಿಕಾರಿಗಳು ಬಂದು ಕುಳಿತರು. ಜೀವದ ಹಂಗು ತೊರೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರನ್ನು ಕರೆತಂದರು. ಶಾಲೆಗಳಲ್ಲಿ ಇದಕ್ಕೆ ಪ್ರತಿಯಾದ ಪಾಠವಿದೆ. ಜಾರಿಗೆ ತರುವ ಯಂತ್ರವಿಲ್ಲದ ಬ್ರೌನ್ ತೀರ್ಪು ಬಂದು ಹತ್ತು ವರ್ಷವಾದರೂ, 1963–64ರಲ್ಲಿ, ಹಿಂದಿನ ಒಕ್ಕೂಟದ ಹನ್ನೊಂದು ದಕ್ಷಿಣ ರಾಜ್ಯಗಳ ಕರಿಯ ಮಕ್ಕಳಲ್ಲಿ ಬಿಳಿಯರ ಜೊತೆ ಓದುತ್ತಿದ್ದವರು ನೂರಕ್ಕೆ ಸುಮಾರು 1.2, ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ 1959ರಿಂದ 1964ರವರೆಗೆ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಒಂದೇ ದಕ್ಷಿಣ, ಒಂದೇ ಜನ, ಒಂದೇ ಹೃದಯ. ಫಲಗಳು ಮಾತ್ರ ಬೇರೆ.

ಸಂಚಿತ ಕಾರಣತ್ವವು ಎರಡು ದಿಕ್ಕಿನಲ್ಲಿಯೂ ಕೆಲಸಮಾಡುತ್ತದೆಂಬುದನ್ನು ಮಿರ್ಡಾಲರೇ ಹೇಳಿದ್ದರು. ಮೇಲೇರುವ ಚಕ್ರವು ಇಳಿಯಲೂಬಲ್ಲುದು. 2013ರ ಷೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾರತಮ್ಯದ ಚರಿತ್ರೆಯುಳ್ಳ ರಾಜ್ಯಗಳು ಚುನಾವಣಾ ನಿಯಮಗಳನ್ನು ಬದಲಿಸುವ ಮೊದಲು ಕೇಂದ್ರದ ಅನುಮತಿ ಪಡೆಯಬೇಕೆಂಬ ಏರ್ಪಾಡಿನ ಆಧಾರಸೂತ್ರವನ್ನು ತೆಗೆದುಹಾಕಿತು. ಪರಿಸ್ಥಿತಿ ಬದಲಾಗಿದೆಯೆಂಬುದು ಅದಕ್ಕೆ ಕೊಟ್ಟ ಕಾರಣ. ಪರಿಸ್ಥಿತಿಯನ್ನು ಬದಲಿಸಿದ್ದು ಯಾವುದೆಂದು ಮರೆತಾಗ, ಬದಲಿಸಿದ ಸಾಧನವೇ ಅನಾವಶ್ಯಕವಾಗಿ ಕಾಣುತ್ತದೆ. ಹೃದಯಪರಿವರ್ತನೆಯ ಕಥೆಯನ್ನು ನಂಬುವುದರಿಂದ ಆಗುವ ಅಪಾಯ ಇದೇ.

ಆದುದರಿಂದ ಸಮಾನತೆಯ ಚರಿತ್ರೆಯನ್ನು ಬರೆಯಹೊರಟವರು ಯಾರ ಮನಸ್ಸು ಯಾವಾಗ ಕರಗಿತೆಂದು ಕೇಳುವುದಕ್ಕೆ ಮೊದಲು, ಯಾವ ಕಚೇರಿಯ ಮೇಜಿನ ಮೇಲೆ ಯಾರ ಅರ್ಜಿ ನಿಂತಿತು, ಅದನ್ನು ಮುಂದೆ ಸರಿಸಿದ ಕೈ ಯಾವುದು ಎಂದು ಕೇಳಬೇಕೆಂದು ನಾವು ಭಾವಿಸುತ್ತೇವೆ. ಈ ಪ್ರಶ್ನೆ ಅಮೆರಿಕೆಯ ಚರಿತ್ರೆಗೆ ಮಾತ್ರ ಸಲ್ಲುವುದಲ್ಲವೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.